ಬೆಕ್ಕು ಕಳಿಸಿದ ಗಂಟೆ

ಮಾರ್ಚ್ ಮೂವತ್ತೊಂದು, ಸಂಜೆ ಏಳು ಕಳೆದಿದೆ.
ಪಿ.ಜೆ. ಬಡಾವಣೆಯ ನಮ್ಮ ಶಾಖೆಯಲ್ಲಿ
ಒಂದೇ ಟ್ಯೂಬ್‌ಲೈಟು, ಒಂದೇ ಹಾಳೆ,
ಹಾಳೆಯಲ್ಲಿ ಹತ್ತು ಜನ.

ಎಲ್ಲರೂ ಚೆನ್ನಾಗಿ ದುಡಿದರು ಅಂತ ಬರೆದರೆ
ನಿಮಗೆ ಮುಂದಾಳುತನ ಬಾರದು ಎಂದರ್ಥ,
ಮುಖ್ಯ ಕಚೇರಿಯ ಮಾತು.
ಇಬ್ಬರಿಗೆ ಐದು, ಏಳು ಮಂದಿಗೆ ಮೂರು,
ಒಬ್ಬರಿಗೆ, ಯಾರಾದರೂ ಸರಿ, ಒಂದು.
ಗೆರೆ ಎಳೆದರೆ ಗಂಟೆಯ ಆಕಾರ ಬರಬೇಕು.
ಆ ಒಂದು ಬೀಳುವವರೆಗೆ
ಮೂಲೆಯ ಚೌಕ ಕೆಂಪಗೇ ಇರುತ್ತದೆ.

ಬೆಕ್ಕಿಗೆ ಗಂಟೆ ಕಟ್ಟುವ ಕತೆ ಕೇಳಿದ್ದೆ.
ಇಲ್ಲಿ ಬೆಕ್ಕೇ ಗಂಟೆ ಕಳಿಸಿದೆ,
ನಿಮ್ಮೊಳಗೊಂದು ಇಲಿ ಆರಿಸಿ ಕಟ್ಟಿ ಅಂತ.

ಓಬಳೇಶನಿಗೆ ಕಟ್ಟಲೆ?
ವಸೂಲಿಯಲ್ಲಿ ಹಿಂದೆ, ನಿಜ.
ಕೊಂಡಜ್ಜಿ ರಸ್ತೆಯ ಹೊಲಿಗೆಯಮ್ಮನ ಮನೆಗೆ ಮೂರು ಸಲ ಹೋಗಿ
ಮೂರು ಸಲವೂ ಚಹಾ ಕುಡಿದು ಬಂದ.
"ಏಪ್ರಿಲ್ ಐದಕ್ಕೆ ಕಟ್ತಾಳೆ ಮೇಡಂ."
ಕಟ್ಟುತ್ತಾಳೆ, ಗೊತ್ತು.
ನನ್ನ ಹಾಳೆಯಲ್ಲಿ ಏಪ್ರಿಲ್ ಇಲ್ಲ.

ಪಂಪಾಪತಿಗೆ?
ಹೊಸ ತಂತ್ರಾಂಶ ಅಂದರೆ ಅಂಗೈ ಬೆವರುತ್ತದೆ ಅವನಿಗೆ.
ಆದರೆ ನಾನು ಬಂದ ವರ್ಷ
ನಗದಿನ ಲೆಕ್ಕದಲ್ಲಿ ನಾನು ಮಾಡಿದ ತಪ್ಪನ್ನು
ರಾತ್ರಿ ಹನ್ನೊಂದರ ತನಕ ಕೂತು ಹುಡುಕಿ
ತನ್ನದೆಂದು ಬರೆಸಿಕೊಂಡವನು.
ಅದಕ್ಕೆ ಕಾಲಮ್ ಇಲ್ಲ.

ತಲೆ ಚಿಟ್ಟು ಹಿಡಿದು ಹೊರಬಿದ್ದೆ.
ಸ್ಕೂಟಿ ತಾನೇ ಮಂಡಕ್ಕಿ ಭಟ್ಟಿಗಳ ಕಡೆ ತಿರುಗಿತು.
ಹೊಗೆ, ಕಾದ ಮರಳು, ಒದ್ದೆ ಬನಿಯನ್ನು.
ನಮ್ಮಲ್ಲೇ ಸಾಲ ಮಾಡಿದ ಖಾದರ್ ಸಾಬರು ಜರಡಿ ಆಡಿಸುತ್ತಿದ್ದರು.
"ಅರಳದೆ ಉಳಿದಿದ್ದನ್ನ ಏನ್ ಮಾಡ್ತೀರಿ?" ಅಂದೆ,
ದೊಡ್ಡ ಮಾತೊಂದು ಸಿಕ್ಕೀತೆಂಬ ಆಸೆಗೆ.
"ಕೋಳಿಗೆ ಹಾಕ್ತೀವ್ರಿ."
ಆಮೇಲೆ, ಜರಡಿ ನಿಲ್ಲಿಸದೆ,
"ಭಾಳ ಉಳೀತು ಅಂದ್ರ ಒಲಿ ಕಡಿ ನೋಡ್ತೀವಿ."

ಒಂದು ಸೇರು ಕಟ್ಟಿಸಿಕೊಂಡು ಮರಳಿದೆ.

ಇನ್ನು ಹೇಳಿಬಿಡುತ್ತೇನೆ.
ಹಾಳೆಯ ಕೊನೆಗೆ ಜಬೀನಾ.
ಹೆರಿಗೆ ರಜೆ, ಹರಪನಹಳ್ಳಿಯ ತವರು.
ಎದುರು ಕುರ್ಚಿಯಲ್ಲಿ ಕೂತು ಯಾಕೆ ಅಂತ ಕೇಳಳು,
ಆರು ತಿಂಗಳು ಅವಳ ಕಣ್ಣು ನನಗೆ ಎದುರಾಗದು.
ಬೆರಳಿಗೆ ಇದೆಲ್ಲ ನನಗಿಂತ ಮೊದಲೇ ಗೊತ್ತಿತ್ತು.
ಒಂದು.

ಚೌಕ ಹಸಿರಾಯಿತು.
ಧನ್ಯವಾದ, ನಾಯಕರೇ, ಅಂತು ಪರದೆ.

ಬೆಳಿಗ್ಗೆ ಶಾಖೆಯ ಗುಂಪಿನಲ್ಲಿ ಫೋಟೊ.
ರಾತ್ರಿ ಹುಟ್ಟಿತಂತೆ. ಹಸಿರು ಕುಲಾವಿ, ಬಿಗಿದ ಮುಷ್ಟಿ.
ಓಬಳೇಶ ಹೂವು ಹಾಕಿದ, ಪಂಪಾಪತಿ ಕೈ ಮುಗಿದ,
ನಾನೂ ಹೆಬ್ಬೆರಳು ಎತ್ತಿದೆ.

ಪೊಟ್ಟಣ ಕಟ್ಟದೆ ಬಿಟ್ಟಿದ್ದ ಮಂಡಕ್ಕಿ ಮೆತ್ತಗಾಗಿತ್ತು.
ಹಂಚಿದೆ.
ಎಲ್ಲರೂ ತಿಂದರು,
ಗರಿಗರಿಯಾಗಿದೆ ಮೇಡಂ ಅಂದರು.