ನಲವತ್ತೆಂಟು ಚುಕ್ಕಿ

ಪಿ.ಜೆ. ಬಡಾವಣೆಯ ಜೆರಾಕ್ಸ್ ಅಂಗಡಿ ಮೇಲಿನ ಕೋಣೆಯಲ್ಲಿ
ಕೂತು ಒಂದು ಜರಡಿ ಹೆಣೆದೆ,
ಮೂವತ್ತೇಳು ನಿಯಮದ ಜರಡಿ.
ಒತ್ತುವ ಗುಂಡಿ ನಲವತ್ತೆಂಟು ಚುಕ್ಕಿ ಅಗಲ ಇರಬೇಕು,
ಗುಂಡಿಗೂ ಗುಂಡಿಗೂ ನಡುವೆ ಎಂಟು ಚುಕ್ಕಿ ಬಯಲು,
ಬೂದಿಯ ಮೇಲೆ ಬೂದಿಬಣ್ಣದಲ್ಲಿ ಬರೆಯಬಾರದು,
ಪುಟ ಅಡ್ಡಡ್ಡ ಜಾರಬಾರದು.
ಹೀಗೆ.

ರಾತ್ರಿ ಹತ್ತಕ್ಕೆ ಹಚ್ಚಿ ಮಲಗಿದರೆ
ಬೆಳಗಾಗುವುದರಲ್ಲಿ ನಾನೂರು ಪುಟ ಸೋಸಿರುತ್ತದೆ:
ನೀರಿನ ಬಿಲ್ಲು, ರಕ್ತಪರೀಕ್ಷೆ, ಹರಿಹರದ ಬಸ್ಸಿನ ಹೊತ್ತು,
ಯಾರೋ ಜಾತಕ ನೋಡುವವರು.
ಒಬ್ಬರನ್ನೂ ಕೇಳದೆ,
ಒಂದು ಬೆರಳೂ ತಾಕದೆ.

ಮಂಡಕ್ಕಿ ಭಟ್ಟಿಯವರು ಭತ್ತ ತರಿಸುವ ಪುಟಕ್ಕೆ
ತೊಂಬತ್ತಾರು ಅಂಕ ಬಂತು.
ಮಾಡಿದವನು ಇಮ್ತಿಯಾಜ್, ಡಿಪ್ಲೊಮಾ ಎರಡನೇ ವರ್ಷ.
ಸಾಲಿಗೆ ಸಾಲು ಹಸಿರು ಟಿಕ್ಕು.
ಶಭಾಶ್ ಎಂದು ಬರೆದು ಕಳಿಸಿದೆ.

ಮೂರನೇ ದಿನ ಅವನ ಫೋನು:
"ಮೇಡಂ, ತೊಂಬತ್ತಾರು ಅಂದ್ರಿ.
ನಮ್ಮ ಖಾಲಾ ಬೈತಾ ಅದಾರೆ.
ಒಂದು ಚೀಲಕ್ಕೆ ಒತ್ತಿದ್ರೆ ಹನ್ನೊಂದು ಬಂದೈತೆ."

ಹೋದೆ. ಬಾಗಿಲಲ್ಲೇ ಕನ್ನಡಕ ಮಸುಕಾಯಿತು.
ಹೊಟ್ಟಿನ ಬೆಂಕಿ, ಬಾಣಲೆ ತುಂಬ ಕಾದ ಮರಳು.
ಹಜರತ್‌ಬಿ ಒಂದು ಬೊಗಸೆ ಅಕ್ಕಿ ಎಸೆದರು;
ಚಟಪಟ ಅನ್ನುವಷ್ಟರಲ್ಲಿ ಬೆಳ್ಳಗೆ ಉಬ್ಬಿ
ಜರಡಿಗೆ ಬಿತ್ತು. ಮರಳು ಕೆಳಗೆ, ಮಂಡಕ್ಕಿ ಮೇಲೆ.
ಕೈ ಝಾಡಿಸಿ ಫೋನು ತೆಗೆದರು.

ಹೆಬ್ಬೆರಳು.
ನಲವತ್ತು ವರ್ಷ ಮರಳು ಉಜ್ಜಿ ಗೆರೆ ಅಳಿದದ್ದು.
ರೇಷನ್ ಅಂಗಡಿಯ ಯಂತ್ರ ಅದನ್ನು
ಬೆರಳೆಂದೇ ಒಪ್ಪುವುದಿಲ್ಲವಂತೆ.
ಒಮ್ಮೆ ಒತ್ತಿದರು: ಏನೂ ಇಲ್ಲ.
ಮತ್ತೆ, ಬಲವಾಗಿ: ಒಂದು, ಒಂದು.
ಹೊಗೆಯಲ್ಲಿ ಆ ಎರಡನೆಯ ಒಂದು ಅವರಿಗೆ ಕಾಣಲಿಲ್ಲ.
ನನಗೂ ಕಾಣಲಿಲ್ಲ, ದುಪಟ್ಟಾದಲ್ಲಿ ಗಾಜು ಒರೆಸುವವರೆಗೆ.

"ಗುಂಡಿ ನಲವತ್ತೆಂಟು ಚುಕ್ಕಿ ಐತಲ್ಲ..." ಎಂದೆ,
ಬೇರೇನೂ ತೋಚದೆ.
ನನ್ನ ಜರಡಿಯ ಸಂಗತಿಯನ್ನೂ ಹೇಳಿದೆ.

ಜರಡಿ ಅಂದದ್ದಕ್ಕೆ ಅವರ ಮುಖ ಅರಳಿತು.
"ಮೇಲೆ ಉಳಿಯೋದು ಯಾವುದು, ಕೆಳಗೆ ಬೀಳೋದು ಯಾವುದು?"
ತಪ್ಪು ಮೇಲೆ ಉಳಿಯುತ್ತೆ ಅಮ್ಮ,
ಸರಿ ಇರೋದು ಸೋರಿಹೋಗುತ್ತೆ.
"ಯಾ ಅಲ್ಲಾ! ಹಂಗಾದ್ರೆ ನೀವು
ಮಂಡಕ್ಕಿ ಚೆಲ್ಲಿ ಮರಳು ತಿಂತೀರಾ?"
ಭಟ್ಟಿಗೆ ಭಟ್ಟಿಯೇ ನಕ್ಕಿತು. ಇಮ್ತಿಯಾಜನೂ.

ಮೂವತ್ತೆಂಟನೆಯ ನಿಯಮ ಅಲ್ಲೇ ಕೂತು ಬರೆದೆ:
ಒಂದೇ ಅಂಕಿ ಎರಡು ಸಲ ಬಿದ್ದರೆ ಕೇಳು, ಹೌದಾ ಎಂದು.
ಅಳಿಸಿದೆ. ಹನ್ನೊಂದೇ ಬೇಕಾದವರು ಇರುತ್ತಾರೆ.
ಹೊಗೆಗೆ ಎಷ್ಟು ಚುಕ್ಕಿ? ಖಾಲಿ ಬಿಟ್ಟೆ.

ನಾನು ಕೂತದ್ದು ಆ ಹೆಚ್ಚುವರಿ ಹತ್ತು ಚೀಲಗಳ ಮೇಲೆ.
ಇನ್ನೂ ಅಲ್ಲೇ ಗೋಡೆಗೆ ಒರಗಿವೆ.
ವಾಪಸ್ಸು ಕಳಿಸಲು ಪುಟದಲ್ಲಿ ಗುಂಡಿಯೇ ಇಲ್ಲ,
ಇಲ್ಲದ ಗುಂಡಿಯ ಅಗಲ ಅಳೆಯಲು
ನನ್ನ ಜರಡಿಗೆ ಬರುವುದಿಲ್ಲ.