ಜಾಲಿಮುಳ್ಳಿನ ಲೆಕ್ಕ

ಸೊಸೈಟಿಯ ಹಳೇ ಲೆಡ್ಜರಿನ ಕಡೀ ಹಾಳಿ ಹರದು
ಬೆಟಗೇರಿಯಿಂದ ಒಂದು ಗೆರಿ ಎಳದೆ.
ಡಂಬಳದ ಕೆರಿಗೆ ಒಂದು ಸುತ್ತು, ಡೋಣಿಗೆ ಒಂದು ಚುಕ್ಕಿ,
ಅಲ್ಲಿಂದ ಮುಂದ ಪೆನ್ಸಿಲ್ಲ ತೇಕಾಕ ಹತ್ತಿತು:
ಕಪ್ಪತಗುಡ್ಡ.

ಶಮಶಾದ್ ಪಿ.ಟಿ. ಟೀಚರು, ಆಕಿಗೆ ಎಲ್ಲಾ ಸಲೀಸು.
‘ಮೊದಲನೇ ದಿನ ನಲವತ್ತು ಕಿಲೋಮೀಟರು, ಏನ್ ಮಹಾ?’
ಕಸ್ತೂರೆವ್ವ ನರ್ಸು. ಕಿಲೋಮೀಟರು ಕೇಳೂದಿಲ್ಲ ಆಕಿ,
ನೀರು ಎಲ್ಲಿ, ನೆರಳು ಎಲ್ಲಿ,
ಒಂದಕ್ಕ ಹೋಗಾಕ ಮರಿ ಎಲ್ಲಿ ಅಂತ ಕೇಳತಾಳ.
ನಾ ಕ್ಯಾಶಿಯರು. ನನ್ನ ಪಾಲಿಗೆ ಬಂದದ್ದು
ಮೂರು ರಾತ್ರಿ.

ಹಗಲಿನ ಲೆಕ್ಕ ಕಾಲು ನೋಡಿಕೋತಾವು.
ರಾತ್ರಿದು ಫೋನಿನ್ಯಾಗ ಹುಟ್ಟಬೇಕು.

ಮುಂಡರಗಿ ಲಾಡ್ಜಿನಾವ ಕೇಳಿದ: ಗಂಡಸರು ಎಷ್ಟು ಮಂದಿ?
ಇಲ್ಲ.
ಗಾಡಿ?
ಸೈಕಲ್ಲು, ಮೂರು.
ಒಂದು ಗಳಿಗಿ ಆ ಕಡಿಂದ ಬರೇ ಫ್ಯಾನಿನ ಸಪ್ಪಳ.
‘ಸೈಕಲ್ಲು ಒಳಗ ಬ್ಯಾಡ್ರೀ, ಗ್ವಾಡಿ ಹೊಲಸಾಕ್ಕಾವು,
ಮೊನ್ನೆ ಬಣ್ಣಾ ಹೊಡಸೇನಿ.’
ಹೊರಗ ಬಿಟ್ರ?
‘ಹೊರಗ ನನ್ನ ಚಪ್ಪಲೀನ ಉಳದಿಲ್ಲ.’

ಶಿರಹಟ್ಟಿ ಯಾತ್ರಿನಿವಾಸದಾಗ ಒಬ್ಬ ಅಜ್ಜ ಎತ್ತಿದ:
‘ಬುಕಿಂಗ್ ಅಂದ್ರ ಏನವಾ? ಬರ್ರಿ. ಚಾಪಿ ಅದಾವ,
ರಾತ್ರಿ ಒಂಬತ್ತರ ಮ್ಯಾಲೆ ಸಾರು ತೆಳ್ಳಗಾಕ್ಕೈತಿ, ಅದಕ್ಕಿಂತ ಮೊದಲ ಬರ್ರಿ.’
ಲಕ್ಷ್ಮೇಶ್ವರದಾಗ ಮದುವಿ ಹಂಗಾಮ, ಒಂದೂ ಕೋಣಿ ಇಲ್ಲ.
ಮೂರನೇ ರಾತ್ರಿಯ ಮುಂದ ಖಾಲಿ ಬಿಟ್ಟೇನಿ,
ಪೆನ್ಸಿಲ್ಲಿನಿಂದ ಒಂದು ಪ್ರಶ್ನೆ ಸಹ ಹಾಕಿಲ್ಲ.

ಗುಡ್ಡದಾಗ ಹೋಗಾಕ ಅರಣ್ಯದವರ ಚೀಟಿ ಬೇಕಂತ.
ತ್ವಾಳದ ಮನಿಗೆ ಹೋಗಾಕ ಸಾಹೇಬರ ಸಹಿ!
ಸಾಹೇಬರು ಟೂರಿನ್ಯಾಗ ಇದ್ದಾರ, ಸೋಮವಾರ ಬರ್ರಿ ಅಂದರು.
ಎರಡು ಸೋಮವಾರ ಆದವು.

ಸೈಕಲ್ಲ ರಿಪೇರಿ ಮೌಲಾಸಾಬ ನನ್ನ ಗೆರಿ ನೋಡಿದ,
ಎಣ್ಣಿಗೈಯಿಂದ ಮುಟ್ಟಿ ಅದರ ಮ್ಯಾಲೆ ಇನ್ನೊಂದು ದಾರಿ ಮಾಡಿದ.
‘ಗುಡ್ಡಾ ಏನೂ ಮಾಡೂದಿಲ್ಲ ನಿಮಗ.
ಇಳದ ಮ್ಯಾಲೆ ಐತಿ ನೋಡ್ರಿ ಸೀಮಿಜಾಲಿ,
ಅದರ ಮುಳ್ಳಿಗೆ ಗೇರು ಇಪ್ಪತ್ನಾಕಾದರೇನು, ಒಂದಾದರೇನು?
ಮಳಿ ಬಿತ್ತಂದ್ರ ಎರಿ ಹೊಲಕ್ಕ ಇಳೀಬ್ಯಾಡ್ರಿ,
ಗಾಲಿ ಗಾಲಿಯಾಗಿ ಉಳಿಯೂದಿಲ್ಲ, ಮುದ್ದಿ ಆಕ್ಕೈತಿ.’
ಬರಕೊಂಡೆ: ತಲಿಗೆ ಎರಡು ಟ್ಯೂಬು, ಪ್ಯಾಚಿನ ಡಬ್ಬಿ,
ಮಣ್ಣು ಕೆರಿಯಾಕ ಹಳೇ ಸೌಟು.

ಚೀಟಿ ಎತ್ತಿ ಈ ಸೈಕಲ್ಲು ತಂದ ದಿವಸ
ಮನಿಯವರು ಒಂದ ಮಾತು ಕೇಳಿದ್ದರು: ‘ಬಸ್ಸು ನಿಂತಾವೇನು?’
ಉತ್ತರ ಇನ್ನೂ ಕೊಟ್ಟಿಲ್ಲ.

ಮುಂಡರಗಿಯಾವ ಸಂಜಿಕೆ ತಾನ ಫೋನ್ ಮಾಡಿದ.
‘ಮ್ಯಾಡಂ, ಗೋಣಿಚೀಲ ತರ್ರಿ, ಗಾಲಿಗೆ ಸುತ್ತಿ ಒಳಗ ಇಡೂಣು.
ಆದ್ರ ಕೋಣಿ ಎರಡನೇ ಮಹಡಿ, ಲಿಫ್ಟಿಲ್ಲ.
ಹೆಸರು ಹೇಳ್ರಿ, ಬರಕೋತೀನಿ.’

ನಾಲಗಿ ತುದಿಗೆ ಬಂದದ್ದು ಮನಿಯವರ ಹೆಸರು.
ಗ್ಯಾಸಿಗೆ, ಕರೆಂಟಿಗೆ, ರೇಷನ್ನಿಗೆ ಅದನ್ನ ಹೇಳಿ ರೂಢಿ.
ನಲವತ್ಮೂರು ವರ್ಷ ನಾ ಮಲಗಿದ್ದು
ತವರಿನ ನಡುಮನಿ, ಅತ್ತಿಯ ಪಡಸಾಲಿ,
ಹೆರಿಗಿ ವಾರ್ಡಿನ ಹದಿನಾರನೇ ಮಂಚ,
ಯಾರದೋ ಹಿಮ್ಮಡ ತಲಿಗೆ ತಾಗೂ ಛತ್ರದ ಜಮಖಾನಿ.
ರೊಕ್ಕ ಕೊಟ್ಟು ಕೀಲಿಕೈ ಇಸಕೊಂಡ ಕೋಣಿ
ಒಂದೂ ಇಲ್ಲ.

‘ಲೈನಿನ್ಯಾಗ ಅದೀರೇನ್ರೀ?’
ಅದೀನಿ. ಬರಕೋರಿ. ಚಂಪಾವತಿ ನೀಲಗುಂದ.
‘ಗಂಡನ ಹೆಸರು?’
ಕೋಣಿ ಅವರಿಗೆ ಬ್ಯಾಡ್ರೀ.

ಮತ್ತ ಫ್ಯಾನಿನ ಸಪ್ಪಳ. ಆಮ್ಯಾಲೆ ಪೆನ್ನಿನದು,
ಅಥವಾ ನನಗ ಹಂಗ ಕೇಳಿಸಿತು.

ರಾತ್ರಿ ಹನ್ನೊಂದಕ್ಕ ಎದ್ದೆ, ಗಾಲಿಗೆ ಗೋಣಿ ಸುತ್ತಿದೆ,
ಹೆಗಲ ಮ್ಯಾಲೆ ಎತ್ತಿ ಮಾಳಿಗಿ ಮೆಟ್ಟಲ ಹಿಡದೆ.
ಏಳನೇ ಮೆಟ್ಟಲಿಗೆ ಪೆಡಲು ಮೊಣಕಾಲಿಗೆ ಬಡೀತು,
ಒಂಬತ್ತನೇದಕ್ಕ ಹ್ಯಾಂಡಲ್ಲು ಗ್ವಾಡಿ ಕೆರೀತು, ಸುಣ್ಣ ಉದುರಿತು.
ಕೆಳಗ ಬ್ಯಾಟರಿ ಹತ್ತಿತು. ಮನಿಯವರು,
ಬನೀನಿನ್ಯಾಗ, ಅರೆಗಣ್ಣಿನ್ಯಾಗ:
‘ಎಲ್ಲಿಗೆ ಒಯ್ಯಾಕ್ಹತ್ತೀ ಅದನ್ನ?’

ಮುಂಡರಗಿಗೆ, ಅಂದೆ. ಎರಡನೇ ಮಹಡಿ.
ಬೆಳಕು ಸ್ವಲ್ಪ ಮ್ಯಾಲೆ ಹಿಡೀರಿ.