ನಾಲ್ಕು ಸಾವಿರದ ಆಸುಪಾಸು

ಚಿಂತಾಮಣಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದ
ಎರಡು ಪೆಟ್ಟಿಗೆ, ಗೂಡಿನ ಕ್ರೇಟಿನ ಮೇಲೆ ಕೂತಿವೆ.
ನನ್ನ ರ‍್ಯಾಕಿನಲ್ಲಿ ಉಳಿದಿರುವುದು ಒಂದೇ ಖಾನೆ.
ಇನ್ನೊಂದನ್ನು ಭಾನುವಾರದೊಳಗೆ
ಗೀರು ಬೀಳದಂತೆ ರಿಪೇರಿ ಜಬೀವುಲ್ಲಾನಿಗೆ ಮರಳಿಸಬೇಕು.

ಒಂದು ಗ್ರಾಫಿಕ್. ಮೂವತ್ತೊಂದು ಜಾರುಗುಂಡಿ,
ತಾಲ್ಲೂಕು ಕಚೇರಿಯ ಮೇಜುಗಳ ಹಾಗೆ
ಪ್ರತಿಯೊಂದಕ್ಕೂ ಅದರದೇ ಕಟ್ಟುನಿಟ್ಟಿನ ಜಾಗ:
ಇದು ನಮ್ಮ ಸೆಕ್ಷನ್ನಲ್ಲ, ಪಕ್ಕದಲ್ಲಿ ಕೇಳಿ.
ನನ್ನ ಗಿಟಾರಿನ ದೂರು ಯಾವಾಗಲೂ
ಎರಡು ಮೇಜುಗಳ ನಡುವೆಯೇ ಬೀಳುತ್ತದೆ.

ಇನ್ನೊಂದು ಪ್ಯಾರಾಮೆಟ್ರಿಕ್. ನಾಲ್ಕೇ ಮನೆ, ಮನೆಗೆ ಮೂರು ಗುಂಡಿ:
ಎಲ್ಲಿ, ಎಷ್ಟಗಲ, ಎಷ್ಟು ಎತ್ತರ ಇಲ್ಲವೆ ಆಳ.
ಯಾವುದೋ ಚರ್ಚಿನಲ್ಲಿ ಇಪ್ಪತ್ತು ವರ್ಷ ದುಡಿದ ನೀಲಿ ಮುಖ.
ಮೂರನೇ ಮನೆಯಲ್ಲಿ ಒಂದು ಗುಂಡಿಯೇ ಇಲ್ಲ, ಬರೀ ಕಡ್ಡಿ.
ಆರೂವರೆ ಸಾವಿರ ಅಂದ.
ಗುಂಡಿ ಹೋಗಿದೆಯಲ್ಲ, ಅಂದೆ.
ಅದು ಹೋಗಿದ್ದಕ್ಕೇ ಆರೂವರೆ, ಅಂದ.

ಗೌರಿಬಿದನೂರಿನ ಛತ್ರದಲ್ಲಿ ಹೋದ ತಿಂಗಳು
ನನ್ನ ಸೋಲೋ ಬಂದಾಗ ಮುಂದಿನ ಸಾಲಿನ ಮಕ್ಕಳು
ಐಸ್‌ಕ್ರೀಮು ಕೆಳಗಿಟ್ಟು ಕಿವಿ ಮುಚ್ಚಿಕೊಂಡರು.
ತಗಡಿಗೆ ಹಲ್ಲು ತಿಕ್ಕಿದಂಗೈತೆ ಕಣಣ್ಣ, ಅಂದಳು
ಕೀಬೋರ್ಡಿನ ಪ್ರಸನ್ನಾಕ್ಷಿ, ವ್ಯಾನಿನಲ್ಲಿ, ಬಾಗೇಪಲ್ಲಿ ದಾಟಿದ ಮೇಲೆ.

ಜಬೀವುಲ್ಲಾ ಹೇಳಿಕೊಟ್ಟಿದ್ದ:
ಕೆಟ್ಟದ್ದನ್ನು ತಗ್ಗಿಸೋಕೆ ಮುಂಚೆ ಎತ್ತು.
ಅಗಲ ಕಿರಿದು ಮಾಡಿ, ಪೂರ್ತಿ ಮೇಲೇರಿಸಿ,
ಕತ್ತಲಲ್ಲಿ ಗೋಡೆ ಸವರಿದಂತೆ ಮೆಲ್ಲಗೆ ಹೋಗು.
ಎಲ್ಲಿ ನಿನಗೇ ನಿನ್ನ ಮೇಲೆ ಹೇಸಿಗೆಯಾಗುತ್ತೋ
ಅಲ್ಲಿ ನಿಲ್ಲು.

ಹೋದೆ. ಎರಡು ಸಾವಿರ, ಮೂರು.
ಇಕ್ಕಳದಲ್ಲಿ ಕಡ್ಡಿ ಹಿಡಿದು ಇನ್ನೊಂದು ಕೂದಲೆಳೆ.
ನಾಲ್ಕು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು.
ಬೆಕ್ಕು ಓಡಿತು. ಪಕ್ಕದ ಮನೆಯ ನಂಜೇಗೌಡ ಗೋಡೆ ಗುದ್ದಿದ.
ಎರಡಡಿ ದೂರದಲ್ಲಿ ಜಳ್ಳುಗೂಡು ಆರಿಸುತ್ತಿದ್ದ ಅಮ್ಮ
ತಲೆಯೆತ್ತಲಿಲ್ಲ.

ಮೂವತ್ತೆಂಟು ವರ್ಷ ಅವಳು ಬಿಚ್ಚಾಣಿಕೆ ಶೆಡ್ಡಿನಲ್ಲಿದ್ದವಳು.
ಕುದಿನೀರಿನಲ್ಲಿ ಬೆರಳಾಡಿಸಿ, ಕಣ್ಣಿಗೆ ಕಾಣದ ಎಳೆಯ
ತುದಿ ಹಿಡಿಯುವ ಕೈ ಇನ್ನೂ ಹಾಗೇ ಇದೆ.
ಕಿವಿಯನ್ನು ಮಾತ್ರ ಶೆಡ್ಡು ಇಟ್ಟುಕೊಂಡಿತು,
ಅದೂ ಪೂರ್ತಿಯಲ್ಲ. ಲಾರಿ ಕೇಳುತ್ತದೆ, ತಮಟೆ ಕೇಳುತ್ತದೆ.
ಕುಕ್ಕರಿನ ಸೀಟಿ ಇಲ್ಲ. ಮಾತಿನಲ್ಲಿ ‘ಸ’ ಇಲ್ಲ, ‘ಶ’ ಇಲ್ಲ.

ರೇಷನ್ ಕಾರ್ಡಿನ ಕವರಿನಲ್ಲಿ ಆಸ್ಪತ್ರೆಯ ಚೀಟಿಯಿತ್ತು.
ಶಿಡ್ಲಘಟ್ಟದ ಕ್ಯಾಂಪಿನಲ್ಲಿ ಕಿವಿ ನೋಡಿ ಎಳೆದ ಗೆರೆ:
ನೆಟ್ಟಗೆ ನಡೆದುಬಂದು, ನಾಲ್ಕು ಸಾವಿರದಲ್ಲಿ
ಬಾವಿಗೆ ಬಿದ್ದು, ಆಚೆ ದಡಕ್ಕೆ ಅರ್ಧ ಹತ್ತಿ ನಿಂತಿತ್ತು.
ಆಳ ಐವತ್ತೈದು ಡೆಸಿಬಲ್.

ನನ್ನ ನೀಲಿ ಪೆಟ್ಟಿಗೆಯ ಒಂದು ಮನೆಗೆ ಹದಿನೈದೇ ಅಳವು.
ಒಂದು ಸಾಲದು. ನಾಲ್ಕನ್ನೂ ಒಂದೇ ಜಾಗಕ್ಕೆ ಕರೆತಂದೆ,
ಬಾವಿಗಿಳಿಯುವ ನಾಲ್ಕು ಹಗ್ಗ ಗಂಟುಹಾಕಿದಂತೆ:
ಹದಿನೈದು, ಹದಿನೈದು, ಹದಿನೈದು, ಹತ್ತು.
ಆಮೇಲೆ ನುಡಿಸಿದೆ.

ಬಾಗಿಲಿಗೆ ಒದ್ದೆ ಗೋಣಿ ಕಟ್ಟಿದ ಕೋಣೆಯಲ್ಲಿ
ಯಾರೋ ಚೆನ್ನಾಗಿಯೇ ನುಡಿಸುತ್ತಿದ್ದರು.
ತಂತಿಯ ಮೇಲೆ ಬೆರಳು ಜಾರುವ ಸದ್ದಿಲ್ಲ, ತಗಡಿಲ್ಲ, ಹಲ್ಲಿಲ್ಲ.
ಎಲ್ಲರೂ ಮುಖ ಕಿವುಚುತ್ತಿದ್ದಾಗ
ಚೆನ್ನಾಗೈತೆ ಕಣೋ, ನುಡಿಸು ಅನ್ನುತ್ತಿದ್ದವಳು
ಅಮ್ಮ ಅಂತ ಹಾಗನ್ನುತ್ತಾಳೆ ಅಂದುಕೊಂಡಿದ್ದೆ.
ಅವಳು ಕೇಳಿದ್ದನ್ನು ಹೇಳುತ್ತಿದ್ದಳು, ಅಷ್ಟೆ.

ಮಕ್ಕಳ ಕಿವಿಗೆ ಆರು ಡೆಸಿಬಲ್ ಇಳಿಸಿದರೆ ಸಾಕು.
ಒಂದು ಮನೆಯನ್ನು ಅಲ್ಲಿಗೆ ನಿಲ್ಲಿಸಿ, ಉಳಿದ ಮೂರನ್ನು ಬಿಡಿಸಿ
ಅವರವರ ಕೆಲಸಕ್ಕೆ ಕಳಿಸಿದೆ.
ಬೋಳುಕಡ್ಡಿಗೆ ಟೂತ್‌ಪೇಸ್ಟಿನ ಮುಚ್ಚಳ ಸರಿಯಾಗಿ ಕೂತಿತು.
ಮೂವತ್ತೊಂದು ಮೇಜಿನ ಕಚೇರಿಯನ್ನು ಟವಲಿನಲ್ಲಿ ಸುತ್ತಿಟ್ಟೆ.

ಅಮ್ಮ ಬಂದು ನೋಡಿದಳು. ಸ್ಟೌ ಇದ್ದಂಗೈತೆ. ಎಷ್ಟಕ್ಕೆ ಕೊಟ್ಟ?
ಆರೂವರೆ, ಅಂದೆ ಜೋರಾಗಿ.
ಸಾವಿರ, ಅಂದೆ, ಮಾಮೂಲಿ ದನಿಯಲ್ಲಿ.
ಆರುನೂರೈವತ್ತಾ, ವಾಸಿ, ಅಂದು
ಜಳ್ಳಿನ ಮೊರ ಎತ್ತಿಕೊಂಡು ಒಳಗೆ ಹೋದಳು.